ಗೋಡೆಗೆ ಉಡುಪು ತೊಡಿಸುವ ಮುನ್ನ

ಎಪ್ರಿಲ್ ತಿಂಗಳ ಒಂದು ರವಿವಾರ. ವಾರದ ಅಧ್ಯಯನ ತರಗತಿ ಮುಗಿಯುವ ಹೊತ್ತಿಗೆ ಪರದೆಯ ಆ ಬದಿಯಿಂದ ಒಂದು ಚೀಟಿ ಬಂತು. ಹಬ್ಬಕ್ಕೆ ಮುಂಚೆ ಹಜಾರದ ಗೋಡೆಗೆ ವಾಲ್‌ಪೇಪರ್ ಹಚ್ಚಿಸಬೇಕೆಂದಿದ್ದೇವೆ, ಇಸ್ಲಾಮಿನಲ್ಲಿ ಇದು ಅನುವದನೀಯವೇ ಎಂದು ಸಹೋದರಿಯೊಬ್ಬರು ಕೇಳಿದ್ದರು. ಸಮಯ ಮೀರಿತ್ತು. ಜೀವಿಗಳ ಚಿತ್ರವಿಲ್ಲದಿದ್ದರೆ ಅಡ್ಡಿಯಿಲ್ಲ, ದುಂದುಗಾರಿಕೆ ಆಗದಂತೆ ನೋಡಿಕೊಳ್ಳಿ ಎಂದು ಎರಡೇ ಮಾತಿನಲ್ಲಿ ಉತ್ತರಿಸಿ ಎದ್ದೆ. ಮನೆಗೆ ಬರುವ ದಾರಿಯಲ್ಲಿ ಆ ಉತ್ತರ ನನಗೇ ಸಾಲದೆನಿಸಿತು. ಗೋಡೆಗೆ ಕಾಗದ ಹಚ್ಚುವ ವಿಷಯದಲ್ಲಿ ಸ್ವತಃ ಎಡವಿದವನು ನಾನು. ಆ ಮಾತನ್ನು ಮುಂದೆ ಹೇಳುತ್ತೇನೆ. ಮುಂದಿನ ರವಿವಾರ ಇಡೀ ತರಗತಿಯನ್ನು ಇದಕ್ಕೇ ಮೀಸಲಿಟ್ಟೆ. ಅಂದು ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮನೆಯನ್ನು ಚೆಂದವಾಗಿ ಇಟ್ಟುಕೊಳ್ಳುವುದು ಪಾಪವೆಂದು ಯಾರೂ ಭಾವಿಸಬೇಕಾಗಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷಿದ್ಧಗೊಳಿಸಿದವರು ಯಾರೆಂದು ಪವಿತ್ರ ಕುರ್‌ಆನ್‌ನ ಅಲ್‌ಅಅ್‌ರಾಫ್ ಅಧ್ಯಾಯವೇ ಪ್ರಶ್ನಿಸುತ್ತದೆ. ಅದಕ್ಕೆ ಹಿಂದಿನ ವಚನದಲ್ಲೇ ಮಿತಿಮೀರಬಾರದೆಂಬ ಎಚ್ಚರಿಕೆಯೂ ಇದೆ. ಈ ಎರಡು ವಚನಗಳ ನಡುವಿನ ಜಾಗದಲ್ಲೇ ಸತ್ಯವಿಶ್ವಾಸಿಯ ಮನೆ ನಿಂತಿರುತ್ತದೆ. ಗೋಡೆಯ ವಿಷಯದಲ್ಲಂತೂ ನಾವು ಊಹಿಸುತ್ತಾ ಕೂರಬೇಕಾಗಿಲ್ಲ. ಪ್ರವಾದಿವರ್ಯರ(ಸ) ಮನೆಯಲ್ಲೇ ಈ ಪ್ರಶ್ನೆ ಎದ್ದಿತ್ತು.

ಆಯಿಶಾರ(ರ) ಎರಡು ದಿಂಬುಗಳು

ಪ್ರವಾದಿವರ್ಯರು(ಸ) ದಂಡಯಾತ್ರೆಯೊಂದಕ್ಕೆ ತೆರಳಿದ್ದರು. ಹಝ್ರತ್ ಆಯಿಶಾ(ರ) ಜೂಲುಳ್ಳ ಬಟ್ಟೆಯೊಂದನ್ನು ತಂದು ಬಾಗಿಲಿಗೆ ಹೊದಿಸಿದರು. ದೂರ ಹೋದ ಪತಿ ಮರಳುವಾಗ ಮನೆ ಚೆನ್ನಾಗಿ ಕಾಣಲಿ ಎಂಬ ಆಸೆ ಯಾವ ಪತ್ನಿಗಿಲ್ಲ? ಪ್ರವಾದಿವರ್ಯರು(ಸ) ಬಂದು ಅದನ್ನು ಕಂಡರು. ಅವರ ಮುಖದಲ್ಲಿ ಮೂಡಿದ ಅಸಮಾಧಾನವನ್ನು ಆಯಿಶಾ(ರ) ಕೂಡಲೇ ಗುರುತಿಸಿದರು. ಅವರು ಬಟ್ಟೆಯನ್ನು ಎಳೆದು ಹರಿದರು. ಕಲ್ಲಿಗೂ ಮಣ್ಣಿಗೂ ಉಡುಪು ತೊಡಿಸುವಂತೆ ಅಲ್ಲಾಹನು ನಮಗೆ ಆಜ್ಞಾಪಿಸಿಲ್ಲ ಎಂಬ ಅರ್ಥದ ಮಾತನ್ನು ಹೇಳಿದರು. ಆಯಿಶಾ(ರ) ವಾದಿಸಲಿಲ್ಲ, ಬಟ್ಟೆಯನ್ನು ಎಸೆಯಲೂ ಇಲ್ಲ. ಅದನ್ನು ಕತ್ತರಿಸಿ ಎರಡು ದಿಂಬು ಮಾಡಿ ಖರ್ಜೂರದ ನಾರು ತುಂಬಿದರು. ಅದಕ್ಕೆ ಪ್ರವಾದಿವರ್ಯರು(ಸ) ಯಾವ ಆಕ್ಷೇಪವನ್ನೂ ಎತ್ತಲಿಲ್ಲ.

ಇಮಾಮ್ ಮುಸ್ಲಿಮ್(ರ) ಉದ್ಧರಿಸಿರುವ ಈ ಹದೀಸ್ ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ದಿಂಬುಗಳ ಬಳಿ. ಬಟ್ಟೆ ಅದೇ, ಮನೆ ಅದೇ, ಕೈಯೂ ಅದೇ. ಮನುಷ್ಯನ ತಲೆಗೆ ಆಸರೆಯಾದಾಗ ಆಕ್ಷೇಪವಿಲ್ಲ. ಕಲ್ಲಿಗೆ ಹೊದಿಕೆಯಾದಾಗ ಆಕ್ಷೇಪವಿದೆ. ಕಲ್ಲಿಗೆ ಚಳಿಯಾಗುವುದಿಲ್ಲ, ನಾಚಿಕೆಯೂ ಆಗುವುದಿಲ್ಲ. ಅದಕ್ಕೆ ತೊಡಿಸುವ ಬಟ್ಟೆ ನೋಡುವವರ ಕಣ್ಣಿಗಾಗಿಯೇ ಹೊರತು ಕಲ್ಲಿಗಾಗಿ ಅಲ್ಲ.

ಮಗಳು ಫಾತಿಮಾರ(ರ) ಮನೆಯಲ್ಲೂ ಇಂಥದೇ ಒಂದು ಪ್ರಸಂಗ ನಡೆದುದನ್ನು ಇಮಾಮ್ ಬುಖಾರಿ(ರ) ದಾಖಲಿಸಿದ್ದಾರೆ. ಮಗಳ ಮನೆಯ ಬಾಗಿಲವರೆಗೆ ಹೋದ ಪ್ರವಾದಿವರ್ಯರು(ಸ) ಒಳಗೆ ಬರದೆ ಹಿಂದಿರುಗಿದರು. ಬಾಗಿಲಲ್ಲಿ ಚಿತ್ತಾರದ ಪರದೆಯಿದ್ದುದೇ ಕಾರಣವೆಂದು ಬಳಿಕ ತಿಳಿಯಿತು. ಏನು ಮಾಡಲೆಂದು ಮಗಳು ಕೇಳಿ ಕಳುಹಿಸಿದಾಗ, ಅದನ್ನು ಇಂಥ ಮನೆಯವರಿಗೆ ಕೊಟ್ಟುಬಿಡಲಿ, ಅವರಿಗೆ ಅದರ ಅಗತ್ಯವಿದೆ ಎಂದು ಸೂಚಿಸಿದರು. ಇಲ್ಲೂ ಬಟ್ಟೆ ಬಾಗಿಲಿನಿಂದ ಇಳಿದು ಮನುಷ್ಯರ ಬಳಿಗೆ ಹೋಯಿತು.

ಸಹಾಬಿಗಳು ಈ ಪಾಠವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂಬುದಕ್ಕೆ ಎರಡು ಮದುವೆ ಮನೆಗಳು ಸಾಕ್ಷಿ. ಹಝ್ರತ್ ಇಬ್ನು ಉಮರ್(ರ) ತಮ್ಮ ಮಗನ ಮದುವೆಗೆ ಅಬೂ ಅಯ್ಯೂಬ್ ಅನ್ಸಾರಿಯವರನ್ನು(ರ) ಆಮಂತ್ರಿಸಿದ್ದರು. ಮದೀನಕ್ಕೆ ಹಿಜ್‌ರತ್ ಬಂದ ಪ್ರವಾದಿವರ್ಯರು(ಸ) ಮೊದಲು ತಂಗಿದ್ದು ಈ ಅಬೂ ಅಯ್ಯೂಬ್‌ರ ಮನೆಯಲ್ಲೇ ಎಂಬುದು ನಿಮಗೆ ಗೊತ್ತು. ಅವರು ಒಳಬಂದು ನೋಡಿದರೆ ಗೋಡೆಗೆಲ್ಲ ಬಟ್ಟೆ! ಇಬ್ನು ಉಮರ್(ರ) ನಾಚಿ, ಈ ವಿಷಯದಲ್ಲಿ ಹೆಂಗಸರು ನಮ್ಮನ್ನು ಸೋಲಿಸಿಬಿಟ್ಟರು ಎಂದರು. (ಹದಿನಾಲ್ಕು ಶತಮಾನಗಳ ಬಳಿಕವೂ ಗಂಡಸರು ಹೇಳುವ ಸಬೂಬು ಇದೇ.) ಬೇರೆಯವರ ಬಗ್ಗೆ ಇಂಥ ಅಂಜಿಕೆಯಿತ್ತು, ನಿಮ್ಮ ಬಗ್ಗೆ ಇರಲಿಲ್ಲವಲ್ಲ ಎಂದು ಹೇಳಿ ಆ ಹಿರಿಯರು ಉಣ್ಣದೆ ಹೊರಟುಹೋದರು. ಇನ್ನೊಂದು ಹಝ್ರತ್ ಸಲ್ಮಾನ್ ಫಾರಿಸಿಯವರ(ರ) ಮದುವೆ. ವಧು ಕಿಂದಾ ಕುಲದವಳು. ಗೋಡೆಗಳಿಗೆಲ್ಲ ಬಟ್ಟೆ ಹೊದಿಸಿದ್ದ ಮನೆಯನ್ನು ನೋಡಿ, ಈ ಮನೆಗೇನು ಜ್ವರ ಬಂದಿದೆಯೇ ಅಥವಾ ಕಅಬಾವೇ ಕಿಂದಾದವರ ಕೇರಿಗೆ ಬಂದಿಳಿದಿದೆಯೇ ಎಂದು ಅವರು ಕೇಳಿದರಂತೆ. ಬಾಗಿಲ ಪರದೆಯೊಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ತೆಗೆದ ಬಳಿಕವೇ ಒಳಗೆ ಕಾಲಿಟ್ಟರು. ಉಡುಪು ತೊಡುವ ಗೌರವ ಭೂಮಿಯ ಮೇಲೆ ಕಅಬಾ ಭವನವೊಂದಕ್ಕೇ ಇದೆ ಎಂಬುದು ಆ ಮಾತಿನ ಒಳಗುಟ್ಟು.

ಹಾಗಾದರೆ ವಾಲ್‌ಪೇಪರ್ ನಿಷಿದ್ಧವೇ? ಅವಸರದ ತೀರ್ಪು ಬೇಡ. ಮುಸ್ಲಿಮ್ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಇಮಾಮ್ ನವವಿ(ರ) ಈ ಹದೀಸನ್ನು ಎಚ್ಚರದಿಂದ ವಿವರಿಸಿದ್ದಾರೆ. ಅಲ್ಲಾಹನು ಆಜ್ಞಾಪಿಸಿಲ್ಲ ಎಂದರೆ ಅದು ಕಡ್ಡಾಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ ಎಂದಾಗುತ್ತದೆಯೇ ಹೊರತು ಹರಾಮ್ ಎಂದಾಗುವುದಿಲ್ಲ. ಆದ್ದರಿಂದ ಗೋಡೆಗೆ ಬಟ್ಟೆ ಹೊದಿಸುವುದು ಮಕ್ರೂಹ್, ಅಂದರೆ ಬಿಟ್ಟರೆ ಒಳ್ಳೆಯದೆನಿಸುವ ಕಾರ್ಯ ಎಂಬುದೇ ಅವರ ನಿಲುವು. ಅವರದೇ ಶಾಫಿಈ ಮದ್‌ಹಬ್‌ನ ಶೈಖ್ ನಸ್ರ್ ಅಲ್‌ಮಕ್‌ದಿಸಿಯವರು ಅದನ್ನು ಹರಾಮ್ ಎಂದೇ ಪರಿಗಣಿಸಿದ್ದನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ.

ಇನ್ನು ಕಾಗದ ಬಟ್ಟೆಯೇ, ಬಣ್ಣವೇ? ಯುರೋಪಿನಲ್ಲಿ ಗೋಡೆಕಾಗದ ಹಬ್ಬಿದ್ದು ಶ್ರೀಮಂತರ ಗೋಡೆಬಟ್ಟೆಗಳ ಅಗ್ಗದ ನಕಲಾಗಿ. ಅದು ಎಷ್ಟು ಬೇಗ ಶೋಕಿಯ ವಸ್ತುವಾಯಿತೆಂದರೆ ಬ್ರಿಟಿಷ್ ಸರಕಾರ 1712ರಲ್ಲಿ ಅದರ ಮೇಲೆ ತೆರಿಗೆ ಹಾಕಿತು. ಆ ತೆರಿಗೆ ರದ್ದಾದುದು 1836ರಲ್ಲಿ. ಈಗ ನಮ್ಮ ಪೇಟೆಗಳಲ್ಲಿ ಸಿಗುವ ಸಾಧಾರಣ ಕಾಗದ, ಬಣ್ಣ ಬಳಿಯುವುದಕ್ಕೆ ಬದಲಾಗಿ ಬಂದ ವಸ್ತು. ಸುಣ್ಣ ಬಳಿದಂತೆ ಗೋಡೆಯನ್ನು ಶುಚಿಯಾಗಿಡಲು ಹಚ್ಚಿದರೆ ಅದು ಬಣ್ಣಕ್ಕೆ ಹತ್ತಿರ. ಪಕ್ಕದ ಮನೆಯವರು ಬೆರಗಾಗಲೆಂದು ವಿದೇಶದಿಂದ ತರಿಸಿದ ರೇಷ್ಮೆ ಹೊಳಪಿನ ಹಾಳೆ ಆಯಿಶಾರ(ರ) ಬಾಗಿಲ ಬಟ್ಟೆಗೆ ಹತ್ತಿರ. ಅದು ಎಲ್ಲಿ ನಿಲ್ಲುತ್ತದೆಂಬುದು ಕಾಗದದ ಬೆಲೆಪಟ್ಟಿಗಿಂತ ನಮ್ಮ ಮನಸ್ಸಿಗೇ ಹೆಚ್ಚು ತಿಳಿದಿರುತ್ತದೆ.

ಗೋಡೆಯನ್ನೇ ಮೊದಲು ಕೇಳಿ

ಅನುವದನೀಯವೇ ಎಂದು ಆಲಿಮರನ್ನು ಕೇಳುವವರು ಹಚ್ಚಬಹುದೇ ಎಂದು ಗೋಡೆಯನ್ನು ಕೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಈ ಎರಡನೆಯ ಪ್ರಶ್ನೆ ಸಣ್ಣದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ, ನೈರುತ್ಯದ ಗಾಳಿಯೊಂದಿಗೆ ಓರೆಯಾಗಿ ಬೀಳುತ್ತದೆ. ನಮ್ಮ ಗೋಡೆಗಳು ಹೆಚ್ಚಾಗಿ ಮುರಕಲ್ಲಿನವು. ತೂತುತೂತಾದ ಆ ಕೆಂಪು ಕಲ್ಲು ನೀರನ್ನು ಸ್ಪಂಜಿನಂತೆ ಹೀರುತ್ತದೆ. ಹೊರಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಪಡುವಣ ಗೋಡೆ ಜುಲೈ ಹೊತ್ತಿಗೆ ಒಳಗಿನಿಂದ ತೇವವಾಗಿರುತ್ತದೆ.

ತೇವ ಬರುವ ದಾರಿ ಒಂದೇ ಅಲ್ಲ. ನೆಲದ ನೀರು ಅಡಿಪಾಯದಿಂದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುವುದುಂಟು. ಅದರೊಂದಿಗೆ ಬಂದ ಲವಣ ಗೋಡೆಯ ಮೇಲೆ ಬಿಳಿ ಪುಡಿಯಾಗಿ ಒಡೆಯುತ್ತದೆ, ಗಾರೆ ಉದುರುತ್ತದೆ. ಇದು ಸಾಮಾನ್ಯವಾಗಿ ನೆಲದಿಂದ ಮೂರಡಿಯ ಒಳಗೇ ಕಾಣುವ ಲಕ್ಷಣ. ಮೇಲ್ಛಾವಣಿಯ ಅಂಚಿನಲ್ಲಿ ಕಂಡರೆ ಮಾಡಿನ ದಂಬೆಯನ್ನೋ ತಾರಸಿಯ ಬಿರುಕನ್ನೋ ಪರೀಕ್ಷಿಸಬೇಕು. ಗೋಡೆಯ ನಡುವೆ ಎಲ್ಲೋ ಒಂದೇ ಕಡೆ ಬೇಸಿಗೆಯಲ್ಲೂ ಆರದ ಕಲೆಯಿದ್ದರೆ ಅದರ ಬೆನ್ನಿಗೆ ಸ್ನಾನಗೃಹವೋ ನೀರಿನ ಕೊಳವೆಯೋ ಇದೆಯೇ ಎಂದು ನೋಡಿ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಒಂದು ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿಟ್ಟು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ ನೀರಹನಿ ಕಂಡರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಬದಿಯಲ್ಲಿ ಕಂಡರೆ ಕೋಣೆಯ ಗಾಳಿಯಲ್ಲಿ ತೇವವಿದೆ, ಕಿಟಕಿ ತೆರೆದು ಗಾಳಿಯಾಡಲು ಬಿಡಬೇಕು. ಆದರೆ ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು. ಫೆಬ್ರವರಿಯಲ್ಲಿ ನಮ್ಮ ಗೋಡೆಗಳೆಲ್ಲ ಸಾಧುಗಳು. ನಾಲ್ಕು ತಿಂಗಳ ಬಿಸಿಲು ತಿಂದು ಒಣಗಿರುತ್ತವೆ, ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಕಾಗದ ಹಚ್ಚುವವರು ಬರುವುದೂ ಆ ತಿಂಗಳುಗಳಲ್ಲೇ. ಹೊಸ ಮನೆಯಾದರೆ ಗಾರೆಯೊಳಗಿನ ನೀರು ಆರಲು ಬಹಳ ಕಾಲ ಬೇಕು. ಒಂದು ಇಡೀ ಮಳೆಗಾಲ ಕಳೆದ ಬಳಿಕವೇ ಕಾಗದದ ಯೋಚನೆ ಮಾಡುವುದು ಲೇಸು. ಕಲಬುರಗಿ, ವಿಜಯಪುರದ ಕಡೆಯ ಓದುಗರಿಗೆ ಇಷ್ಟೊಂದು ಅಂಜಿಕೆ ಬೇಕಿಲ್ಲ. ಆದರೆ ಅಲ್ಲೂ ಸ್ನಾನಗೃಹದ ಬೆನ್ನಿನ ಗೋಡೆ ಸ್ನಾನಗೃಹದ ಬೆನ್ನಿನ ಗೋಡೆಯೇ.

ತೇವದ ಗೋಡೆಗೆ ಕಾಗದ ಹಚ್ಚಿದರೆ ಆಗುವುದೇನು? ಇಂದು ಹೆಚ್ಚಾಗಿ ಮಾರಾಟವಾಗುವುದು ಮೇಲೆ ವಿನೈಲ್ ಎಂಬ ಪ್ಲಾಸ್ಟಿಕ್ ಲೇಪವಿರುವ ಹಾಳೆ. ಒದ್ದೆ ಬಟ್ಟೆಯಿಂದ ಒರೆಸಬಹುದೆಂಬುದು ಅದರ ಗುಣ, ಉಸಿರಾಡದೆಂಬುದು ಅದರ ದೋಷ. ಗೋಡೆಯಿಂದ ಹೊರಬರಬೇಕಾದ ತೇವ ಅದರ ಹಿಂದೆ ಸಿಕ್ಕಿಬೀಳುತ್ತದೆ. ಅಲ್ಲಿ ಕತ್ತಲೆಯಿದೆ, ನೀರಿದೆ, ತಿನ್ನಲು ಕಾಗದವೂ ಹಿಟ್ಟಿನ ಅಂಟೂ ಇವೆ. ಬೂಷ್ಟಿಗೆ ಇನ್ನೇನು ಬೇಕು? ಮುಂದೆ ಹೂಬಳ್ಳಿ, ಹಿಂದೆ ಕಪ್ಪು ಬೂಷ್ಟು. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ, ಕೆಮ್ಮು ಮತ್ತಿತರ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ.

ಇದಕ್ಕಿಂತ ಭೀಕರವಾದ ಚರಿತ್ರೆಯೂ ಗೋಡೆಕಾಗದಕ್ಕಿದೆ. ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ 1775ರಲ್ಲಿ ಪಾಷಾಣ ಬೆರೆತ ಸುಂದರವಾದ ಹಸಿರು ಬಣ್ಣವೊಂದನ್ನು ಕಂಡುಹಿಡಿದ. 19ನೇ ಶತಮಾನದ ಯುರೋಪಿನಲ್ಲಿ ಅಂಥ ಹಸಿರು ಕಾಗದ ಮನೆಮನೆಯ ಗೋಡೆಯೇರಿತು. ತೇವದ ಕೋಣೆಗಳಲ್ಲಿ ಬೆಳೆದ ಬೂಷ್ಟು ಆ ಬಣ್ಣದಿಂದ ವಿಷಾನಿಲವನ್ನು ಹೊರಡಿಸಬಲ್ಲದೆಂದು ಇಟಲಿಯ ವೈದ್ಯ ಗೋಸಿಯೊ 1890ರ ದಶಕದಲ್ಲಿ ತೋರಿಸಿದ. ಇಂದಿನ ಕಾಗದದಲ್ಲಿ ಆ ಬಣ್ಣವಿಲ್ಲ, ಹೆದರಬೇಕಾಗಿಲ್ಲ. ಹಳೆಯ ಮನೆಗಳಲ್ಲಿ ಮಾತ್ರ ಇನ್ನೊಂದು ವಿಷಯ ನೆನಪಿಡಿ. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅದಕ್ಕೆ ಮುಂಚೆ ಬಳಿದ ಎಣ್ಣೆಬಣ್ಣವನ್ನು ಕಾಗದ ಹಚ್ಚಲೆಂದು ಒಣದಾಗಿ ಉಜ್ಜಿದರೆ ಆ ಧೂಳು ಎಳೆಯ ಮಕ್ಕಳಿಗೆ ವಿಷ. ನೀರು ಚಿಮುಕಿಸಿ ಕೆರೆಯಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನ ಬೇರೆ ಮನೆಗೆ ಕಳುಹಿಸಬೇಕು.

ನಮ್ಮ ಹಿರಿಯರು ರಮಝಾನ್‌ಗೆ ಮುಂಚೆ ಸುಣ್ಣ ಬಳಿಸುತ್ತಿದ್ದರು. ಅದನ್ನು ಬಡತನದ ಗುರುತೆಂದು ನಾವು ಬಿಟ್ಟೆವು. ಸುಣ್ಣ ತೇವವನ್ನು ತಡೆಯದೆ ಹೊರಬಿಡುತ್ತದೆ, ಅದರ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು. ತೇವದ ಗೋಡೆಗೆ ಇಂದಿಗೂ ಅದಕ್ಕಿಂತ ಒಳ್ಳೆಯ ಅಗ್ಗದ ಉಪಾಯ ನನಗೆ ಕಂಡಿಲ್ಲ.

ಕಣ್ಣಿನ ಮುಂದಿನ ಗೋಡೆ

ಗೋಡೆ ಒಣಗಿದೆ, ಉದ್ದೇಶವೂ ಶುದ್ಧವಾಗಿದೆ ಎಂದಿಟ್ಟುಕೊಳ್ಳಿ. ಯಾವ ಗೋಡೆಗೆ, ಯಾವ ಚಿತ್ರ?

ಪ್ರವಾದಿವರ್ಯರಿಗೆ(ಸ) ಅಬೂ ಜಹ್ಮ್‌ರು(ರ) ಅಂಚಿನಲ್ಲಿ ಚಿತ್ತಾರವಿದ್ದ ಹೊದಿಕೆಯೊಂದನ್ನು ಉಡುಗೊರೆ ಕೊಟ್ಟಿದ್ದರು. ಅದನ್ನು ಹೊದ್ದು ನಮಾಝ್ ಮಾಡಿದ ಬಳಿಕ ಪ್ರವಾದಿವರ್ಯರು(ಸ) ಅದನ್ನು ಹಿಂದಿರುಗಿಸಿ, ಸಾದಾ ಹೊದಿಕೆಯನ್ನು ತರಿಸಿಕೊಂಡರು. ಚಿತ್ತಾರ ತಮ್ಮ ಗಮನವನ್ನು ನಮಾಝ್‌ನಿಂದ ಸೆಳೆಯಿತೆಂದು ಕಾರಣ ಹೇಳಿದರು. ಕೊಟ್ಟವರ ಮನಸ್ಸು ನೋಯದಿರಲೆಂದೇ ಅವರಲ್ಲಿದ್ದ ಇನ್ನೊಂದನ್ನು ಕೇಳಿ ಪಡೆದರು ಎಂದು ವಿದ್ವಾಂಸರು ಹೇಳುತ್ತಾರೆ. ಆಯಿಶಾರ(ರ) ಮನೆಯ ಒಂದು ಬದಿಗಿದ್ದ ಚಿತ್ರದ ಪರದೆಯನ್ನೂ ಇದೇ ಕಾರಣಕ್ಕೆ ತೆಗೆಸಿದ್ದುಂಟು. ಅಲ್ಲಾಹನ ಸಂದೇಶವಾಹಕರ(ಸ) ಗಮನವನ್ನೇ ಚಿತ್ತಾರ ತಟ್ಟಿತೆಂದಾದರೆ ನಮ್ಮ ಮಾತೇನು? ಮನೆಯ ಹೆಂಗಸರು ಐದು ಹೊತ್ತು ನಮಾಝ್ ನಿರ್ವಹಿಸುವುದು ಮಲಗುವ ಕೋಣೆಯಲ್ಲೋ ಹಜಾರದ ಮೂಲೆಯಲ್ಲೋ. ಅಲ್ಲಿ ಕಿಬ್ಲದ ಕಡೆಯ ಗೋಡೆಯನ್ನಾದರೂ ಸಾದಾ ಬಿಡಿ. ನಮ್ಮ ನಾಡಿನಲ್ಲಿ ಕಿಬ್ಲವೂ ಪಡುವಣಕ್ಕೆ, ಮಳೆಯ ಹೊಡೆತವೂ ಪಡುವಣಕ್ಕೆ. ಒಂದೇ ಗೋಡೆಗೆ ಎರಡು ಕಾರಣ! (ವಿಜಯಪುರದ ಜಾಮಿಅ ಮಸೀದಿಯಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದ ಚಿನ್ನದ ಬಣ್ಣದ ಮಿಹ್ರಾಬನ್ನು ಕಂಡವರು ನನ್ನನ್ನು ಪ್ರಶ್ನಿಸಬಹುದು. ಅದರ ಸೊಬಗನ್ನು ನಾನೂ ಮೆಚ್ಚಿದ್ದೇನೆ. ಅದರ ಮುಂದೆ ನಿಂತಾಗ ನನ್ನ ಕಣ್ಣು ಸುಜೂದ್‌ನ ಜಾಗದಲ್ಲಿ ನಿಲ್ಲಲಿಲ್ಲ ಎಂಬುದೂ ನಿಜ.)

ಮಕ್ಕಳ ಕೋಣೆಗೆ ಕಾರ್ಟೂನು ಪ್ರಾಣಿಗಳ, ರಾಜಕುಮಾರಿಯರ ಹಾಳೆಗಳೇ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತವೆ. ಜೀವಿಗಳ ಚಿತ್ರವನ್ನು ಗೋಡೆಯಲ್ಲಿ ತೂಗಿಡಬಾರದೆಂಬುದು ಬಹುಸಂಖ್ಯಾತ ವಿದ್ವಾಂಸರ ಅಭಿಪ್ರಾಯ. ಚಿತ್ರ ಬರೆದೇ ಬದುಕುತ್ತಿದ್ದ ಒಬ್ಬನಿಗೆ ಹಝ್ರತ್ ಇಬ್ನು ಅಬ್ಬಾಸ್(ರ) ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ದಾರಿ ತೋರಿಸಿದ್ದರು. ಆ ದಾರಿ ಎಷ್ಟು ವಿಶಾಲವಾದುದೆಂದು ತಿಳಿಯಬೇಕಾದರೆ 8ನೇ ಶತಮಾನದ ಆರಂಭದಲ್ಲಿ ಕಟ್ಟಿದ ದಮಸ್ಕಸ್‌ನ ಉಮವಿ ಮಸೀದಿಯ ಚಿತ್ರಗಳನ್ನು ನೋಡಬೇಕು. ನದಿ, ಮರ, ಮಹಲುಗಳು ಗೋಡೆ ತುಂಬ ಹರಡಿವೆ, ಒಂದು ಜೀವಿಯೂ ಅಲ್ಲಿಲ್ಲ. ಮಗುವಿಗೆ ಎಲೆ, ಮೋಡ, ನಕ್ಷತ್ರ ಸಾಲವೆನ್ನುವುದು ದೊಡ್ಡವರ ಊಹೆ.

ಕುರ್‌ಆನ್ ವಚನಗಳನ್ನು ಮುದ್ರಿಸಿದ ಹಾಳೆಯೂ ಈಗ ಸಿಗುತ್ತದೆ. ಅದನ್ನು ಕೊಳ್ಳುವವರ ಭಕ್ತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಕಾಗದ ಎಂದಾದರೂ ಹಳತಾಗುತ್ತದೆ. ಅಂದು ಕೂಲಿಯವನು ಒದ್ದೆ ಮಾಡಿ ಕತ್ತಿಯಿಂದ ಕೆರೆದು ಚೂರುಚೂರಾಗಿ ನೆಲಕ್ಕೆ ಬೀಳಿಸಿ ಅದರ ಮೇಲೆ ನಡೆದಾಡುತ್ತಾನೆ. ಆ ದಿನವನ್ನು ಹಚ್ಚುವ ದಿನವೇ ಕಣ್ಣೆದುರು ತಂದುಕೊಳ್ಳಿ.

ಬಾಡಿಗೆ ಮನೆಯಾದರೆ ಗೋಡೆ ನಿಮ್ಮದಲ್ಲ, ನಿಮ್ಮ ವಶದಲ್ಲಿರುವ ಅಮಾನತ್ತು. ಮಾಲಕರ ಒಪ್ಪಿಗೆ ಪಡೆಯದೆ ಹಚ್ಚುವುದೂ, ಬಿಡುವಾಗ ಗಾರೆ ಕಿತ್ತು ಬರುವಂತೆ ಹರಿಯುವುದೂ ಸರಿಯಲ್ಲ.

ಖರ್ಚಿನ ಲೆಕ್ಕವನ್ನು ಅಂಗಡಿಯವರಿಗೆ ಬಿಡಬೇಡಿ, ನೀವೇ ಮಾಡಿ. ಒಂದು ಸುರುಳಿ ಸಾಮಾನ್ಯವಾಗಿ 21 ಇಂಚು ಅಗಲ, 33 ಅಡಿ ಉದ್ದ. ಅಂದರೆ ಸುಮಾರು 57 ಚದರ ಅಡಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆ 120 ಚದರ ಅಡಿಯಾದ್ದರಿಂದ ಎರಡು ಸುರುಳಿಗಿಂತ ತುಸು ಹೆಚ್ಚು ಸಾಕೆಂದು ತೋರುತ್ತದೆ. ಆದರೆ ಒಂದು ಸುರುಳಿಯಲ್ಲಿ ಹತ್ತಡಿಯ ಮೂರೇ ಪಟ್ಟಿ ಸಿಗುತ್ತವೆ, ಗೋಡೆಗೆ ಬೇಕಾದುದು ಏಳು ಪಟ್ಟಿ. ಆದ್ದರಿಂದ ಮೂರು ಸುರುಳಿ ಕೊಳ್ಳಲೇಬೇಕು, ಎರಡು ಪಟ್ಟಿ ಉಳಿಯುತ್ತದೆ. ನಾಲ್ಕೂ ಗೋಡೆಗೆ ಹಚ್ಚುವವರು ಇದನ್ನು ಮುಂದುವರಿಸಿ ನೋಡಲಿ. ದೊಡ್ಡ ಹೂವಿನ ಚಿತ್ತಾರವಾದರೆ ಪಟ್ಟಿಯಿಂದ ಪಟ್ಟಿಗೆ ಹೂವು ಹೊಂದಿಸುವುದರಲ್ಲೇ ಇನ್ನಷ್ಟು ಪೋಲಾಗುತ್ತದೆ. ಇದಕ್ಕಾಗಿ ಬಡ್ಡಿಯ ಕಂತು ಕಟ್ಟುವ ಮನೆಗಳೂ ಇವೆಯೆಂದು ಕೇಳಿದ್ದೇನೆ. ಅದರ ಬಗ್ಗೆ ಈ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಒದ್ದೆ ಧಾನ್ಯ

ಈಗ ನನ್ನ ಮಾತು. ನಮ್ಮ ಮನೆಗೆ ಒಂದು ಮಹಡಿಯಿದೆ. ಅಲ್ಲಿನ ಮಲಗುವ ಕೋಣೆಯ ಪಡುವಣ ಗೋಡೆಯಲ್ಲಿ ಪ್ರತಿ ಮಳೆಗಾಲ ಒಂದಾಳೆತ್ತರದ ಕಪ್ಪು ಕಲೆ ಮೂಡುತ್ತಿತ್ತು. ಕೆಲವು ವರ್ಷಗಳ ಹಿಂದೆ ಮಹಡಿಯನ್ನು ಬಾಡಿಗೆಗೆ ಕೊಡಲು ನಿರ್ಧರಿಸಿದಾಗ ಕಲೆಯನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಹೊರಗಿನ ಗಾರೆ ಒಡೆದು ಹೊಸತಾಗಿ ಮಾಡಿಸಲು ಮೇಸ್ತ್ರಿ ಹೇಳಿದ ಮೊತ್ತ ಕೇಳಿ ನಾನು ಸುಮ್ಮನಾದೆ. ಕಾಗದ ಅದರ ಕಾಲುಭಾಗದಲ್ಲಿ ಮುಗಿಯಿತು. ಜನವರಿಯಲ್ಲಿ ಹಚ್ಚಿಸಿದೆ. ತಿಳಿ ಹಸಿರು ಬಳ್ಳಿ, ನೋಡಲು ಬಲು ಚೆಂದ. ಅಲಂಕರಿಸಿದ ಕೋಣೆಯೆಂದು ಬಾಡಿಗೆಯನ್ನೂ ಹೆಚ್ಚಿಸಿದೆ. ಎಂಟು ತಿಂಗಳ ಮಗುವಿದ್ದ ಒಂದು ಕುಟುಂಬ ಬಂತು. ಕಲೆಯ ವಿಷಯ ಅವರು ಕೇಳಲಿಲ್ಲ. ಕಾಣದ್ದನ್ನು ಕೇಳುವುದು ಹೇಗೆ? ನಾನೂ ಹೇಳಲಿಲ್ಲ.

ಜುಲೈ ತಿಂಗಳಲ್ಲಿ ಆ ತಾಯಿ ನನ್ನ ಪತ್ನಿಯ ಬಳಿ, ಕೋಣೆಯಲ್ಲಿ ಒಂದು ಬಗೆಯ ವಾಸನೆ ಬರುತ್ತಿದೆ ಎಂದಳು. ಮಳೆಗಾಲದಲ್ಲಿ ಎಲ್ಲ ಮನೆಗಳಲ್ಲೂ ಬರುವ ವಾಸನೆ ಎಂದು ಹೇಳಿಸಿದೆ. ಅದೇ ತಿಂಗಳು ಮಗುವಿಗೆ ಉಬ್ಬಸ ಬಂದು ಎರಡು ಸಲ ಆಸ್ಪತ್ರೆಗೆ ಒಯ್ದರು. ಅದು ನನ್ನ ಗೋಡೆಯಿಂದಲೇ ಬಂತೆಂದು ಹೇಳಲು ನಾನು ವೈದ್ಯನಲ್ಲ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಆ ದಿನಗಳಲ್ಲಿ ನಮ್ಮ ತರಗತಿಯಲ್ಲಿ ವ್ಯಾಪಾರ ವಹಿವಾಟಿನ ಹದೀಸ್‌ಗಳ ಪಾಠ ನಡೆಯುತ್ತಿತ್ತು. ಪಾಠ ಮಾಡುತ್ತಿದ್ದವನು ನಾನು. ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈಯಿಟ್ಟರು. ಬೆರಳಿಗೆ ತೇವ ತಗುಲಿತು. ಇದೇನೆಂದು ಮಾರುವವನನ್ನು ಕೇಳಿದರು. ಮಳೆ ಬಿದ್ದು ಒದ್ದೆಯಾಯಿತೆಂದು ಅವನು ಹೇಳಿದ. ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂಬರ್ಥದ ಕಠಿಣ ಮಾತನ್ನು ಅವರು ಹೇಳಿದರು. ಹದೀಸ್ ಓದಿ ವಿವರಣೆಗೆ ತಲೆಯೆತ್ತಿದೆ. ಎರಡನೇ ಸಾಲಿನಲ್ಲಿ ನಮ್ಮ ಮಹಡಿಯ ಬಾಡಿಗೆದಾರ ಕುಳಿತಿದ್ದ. ಅವನು ಪಾಠ ಕೇಳುತ್ತಿದ್ದನಷ್ಟೆ, ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಆ ಧಾನ್ಯದ ವ್ಯಾಪಾರಿಯಾದರೂ ಮಳೆ ಬಿದ್ದ ರಾಶಿಯ ಮೇಲೆ ಹಸಿರು ಬಳ್ಳಿಯ ಕಾಗದ ಹೊದಿಸಿರಲಿಲ್ಲ. ಅಂದಿನ ವಿವರಣೆಯಲ್ಲಿ ನಾನೇನು ಹೇಳಿದೆನೋ ನೆನಪಿಲ್ಲ.

ಮರುದಿನ ಬೆಳಗ್ಗೆ ಮೇಲೆ ಹೋಗಿ ಅವನೆದುರೇ ಕಾಗದದ ಒಂದು ಅಂಚು ಹಿಡಿದು ಎಳೆದೆ. ಅಂಟು ಎಂದೋ ಸತ್ತಿತ್ತು. ಇಡೀ ಪಟ್ಟಿ ಒದ್ದೆ ಬಟ್ಟೆಯಂತೆ ಕಳಚಿ ಬಂತು. ಹಿಂದೆ ಗೋಡೆ ಮಸಿಯಂತಿತ್ತು. ಆತ ಗೋಡೆಯನ್ನು ನೋಡಿದ, ಮಂಚವನ್ನು ನೋಡಿದ. ಮಗುವಿನ ತೊಟ್ಟಿಲು ಅದೇ ಗೋಡೆಗೆ ತಾಗಿಕೊಂಡಿತ್ತು. ಮೊದಲೇ ಗೊತ್ತಿತ್ತೇ ಎಂದು ಕೇಳಿದ. ಗೊತ್ತಿತ್ತು ಎಂದೆ.

ಸೆಪ್ಟೆಂಬರ್‌ನಲ್ಲಿ ಅವರು ಬೇರೆ ಮನೆಗೆ ಹೋದರು. ಮುಂಗಡ ಹಣದೊಂದಿಗೆ ಹೆಚ್ಚಾಗಿ ಪಡೆದ ಬಾಡಿಗೆಯನ್ನೂ, ಆಸ್ಪತ್ರೆಯ ಖರ್ಚನ್ನೂ ಎಣಿಸಿ ಕೊಟ್ಟೆ. ಮುಂಗಡ ಬಿಟ್ಟು ಬೇರೇನೂ ಬೇಡವೆಂದು ಆತ ಹೇಳಿದ. ಆ ತಾಯಿ ಮಾತ್ರ ಕೈಚಾಚಿ ಎಲ್ಲವನ್ನೂ ತೆಗೆದುಕೊಂಡಳು. ಅವಳಿಗೆ ನಾನು ಇಂದಿಗೂ ಋಣಿ. ಆ ಹಣ ನನ್ನ ಬಳಿಯೇ ಉಳಿದಿದ್ದರೆ ಏನು ಮಾಡುತ್ತಿದ್ದೆನೋ. ಬಳಿಕ ಮೇಸ್ತ್ರಿ ಹೇಳಿದ ಮೊತ್ತವನ್ನೇ ಕೊಟ್ಟು ಹೊರಗಿನ ಗಾರೆ ಹೊಸತಾಗಿ ಮಾಡಿಸಿದೆ. ಒಳಗೆ ಸುಣ್ಣ ಬಳಿಸಿದೆ. ಮುಂದೆ ಬಂದ ಬಾಡಿಗೆದಾರರಿಗೆ ಗೋಡೆಯ ಪೂರ್ವಕಥೆಯನ್ನು ಹೇಳಿಯೇ ಬೀಗದ ಕೈ ಕೊಟ್ಟೆ. ಅವರು ಬಾಡಿಗೆ ಸ್ವಲ್ಪ ಇಳಿಸಲು ಕೇಳಿದರು, ಇಳಿಸಿದೆ.

ಕಾಗದ ಹಚ್ಚಲು ಹೊರಟವರಲ್ಲಿ ಮನೆ ಮಾರುವವರೂ, ಬಾಡಿಗೆಗೆ ಕೊಡುವವರೂ, ಹೆಣ್ಣು ನೋಡಲು ಬರುವವರ ಮುಂದೆ ಸ್ಥಿತಿವಂತರಾಗಿ ಕಾಣಬಯಸುವವರೂ ಇದ್ದಾರೆ. ಮಾರುವವನೂ ಕೊಳ್ಳುವವನೂ ನಿಜ ಹೇಳಿ ಕುಂದನ್ನು ತೆರೆದಿಟ್ಟರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆಂದೂ, ಮುಚ್ಚಿಟ್ಟು ಸುಳ್ಳು ಹೇಳಿದರೆ ಬರಕತ್ ಅಳಿಸಿಹೋಗುತ್ತದೆಂದೂ ಪ್ರವಾದಿವರ್ಯರು(ಸ) ಹೇಳಿರುವುದನ್ನು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ್ದಾರೆ. ಮದುವೆಯ ಮಾತುಕತೆಯೂ ವಹಿವಾಟೇ ಆಗಿರುವಾಗ ಅಲ್ಲಿ ಈ ಹದೀಸನ್ನು ಹೊರಗಿಡಲಾಗದು.

ಇದನ್ನೆಲ್ಲ ಆ ರವಿವಾರದ ತರಗತಿಯಲ್ಲಿ ಹೇಳಿ, ಚೀಟಿ ಕಳುಹಿಸಿದ ಸಹೋದರಿಗೆ ಒಂದು ವಿನಂತಿ ಮಾಡಿದೆ. ಹಬ್ಬಕ್ಕೆ ಸುಣ್ಣವೋ ಬಣ್ಣವೋ ಸಾಕು, ಮಳೆ ಹಿಡಿದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಗೋಡೆ ಒಣಗಿದ್ದರೆ ಮತ್ತೆ ಕೇಳಿ ಎಂದೆ. ಜುಲೈ ತಿಂಗಳಲ್ಲಿ ಪರದೆಯ ಆ ಬದಿಯಿಂದ ಎರಡನೆಯ ಚೀಟಿ ಬಂತು. ಹಾಳೆಯ ಒಳಬದಿಯಲ್ಲಿ ನೀರು ನಿಂತಿದೆ, ಮೇಲೆ ಹತ್ತಿ ನೋಡಿದಾಗ ಮಾಡಿನ ದಂಬೆ ಒಡೆದದ್ದು ಕಂಡಿತು, ಕಾಗದಕ್ಕೆ ಎತ್ತಿಟ್ಟ ಹಣದಲ್ಲಿ ದಂಬೆ ಹಾಕಿಸುತ್ತಿದ್ದೇವೆ ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಸಾಲಿತ್ತು: ಸ್ವಲ್ಪ ಹಣ ಉಳಿದಿದೆ, ಅತ್ತೆಯವರಿಗೆ ಎರಡು ಹೊಸ ದಿಂಬು ಹೊಲಿಯುತ್ತಿದ್ದೇನೆ.